ಗದಾಯುದ್ಧದಲ್ಲಿ ಒಡೆಯನೂ ಊಳಿಗದವರೂ

ರನ್ನನ ಸಾಹಸಭೀಮವಿಜಯವನ್ನು, ಎಂದರೆ ಲೋಕರೂಢಿಯ ಗದಾಯುದ್ಧವನ್ನು, ಕುರಿತು ಕನ್ನಡದಲ್ಲಿ ನಡೆದಿರುವ ವಿಮರ್ಶೆಯು ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ತಿರುಗಿದೆ. ಕಾವ್ಯದ ನಾಯಕನು ಭೀಮನೋ ದುರ್ಯೋಧನನೋ ಎಂಬುದೊಂದು. ಕವಿಯು ಭಟ್ಟನಾರಾಯಣನ ವೇಣೀಸಂಹಾರಕ್ಕೂ ಭಾಸನ ಊರುಭಂಗಕ್ಕೂ ಎಷ್ಟರಮಟ್ಟಿಗೆ ಋಣಿಯೆಂಬುದು ಇನ್ನೊಂದು. ಎರಡೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಈ ಚರ್ಚೆಯ ಗದ್ದಲದಲ್ಲಿ ದುರ್ಯೋಧನನ ಕಡೆಯಲ್ಲಿ ದುಡಿದು ಸತ್ತವರ ವಿಚಾರವು ಹಿಂದೆ ಬಿದ್ದಿದೆ. ಭೀಷ್ಮ, ದ್ರೋಣ, ಕರ್ಣ, ಸಂಜಯ ಇವರ ವಿಷಯ ಬಂದಾಗ ನಾವು 'ಸ್ವಾಮಿನಿಷ್ಠೆ' ಎಂಬ ಒಂದು ಶಬ್ದವನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ; ಪರೀಕ್ಷೆಯಲ್ಲಿಯೂ ಅದನ್ನೇ ಕೇಳುತ್ತೇವೆ. ನಿಷ್ಠೆಯು ಊಳಿಗದವನ ಗುಣ ಸರಿ. ಅದನ್ನು ಪಡೆದ ಒಡೆಯನು ಅದನ್ನು ಹೇಗೆ ಬಳಸಿದನು, ಒಡೆಯನ ಮನೆ ಕೆಡುತ್ತ ಬಂದಾಗ ಅಲ್ಲಿ ದುಡಿಯುವವರ ಬಾಳು ಏನಾಯಿತು, ಇದನ್ನು ರನ್ನನು ಬಲ್ಲನೆ, ಬಲ್ಲನಾದರೆ ಎಲ್ಲಿ ಹೇಳಿದ್ದಾನೆ, ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಈ ವಿಚಾರ ನನಗೆ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಯ ಹುಡುಗರಿಗೆ ನಾನು ಬಹುಕಾಲ ಹಳಗನ್ನಡ ಪಾಠ ಹೇಳಿದ್ದೇನೆ. ಇವರಲ್ಲಿ ಅನೇಕರ ಮನೆಗಳಲ್ಲಿ ಮಗ್ಗವುಂಟು. ಹಲವರ ತಂದೆಗಳು ಕೃಷ್ಣೆ-ಘಟಪ್ರಭೆಗಳ ದಂಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಂಗಾಮಿಗೆ ಮಾತ್ರ ಕೂಲಿಯಿದ್ದು, ಹಂಗಾಮು ತೀರಿದ ಮೇಲೆ ಬೇರೆ ದಾರಿ ನೋಡಿಕೊಳ್ಳತಕ್ಕವರು. ಒಂದು ದಿನ ಕರ್ಣನ ಶವದ ಮುಂದೆ ದುರ್ಯೋಧನನು ಗೋಳಿಡುವ ಭಾಗವನ್ನು ಓದಿಸಿ, ಒಡೆಯನಿಗೆ ಆಳಿನ ಮೇಲೆ ಎಂಥ ಪ್ರೀತಿಯೆಂದು ನಾನು ವರ್ಣಿಸುತ್ತಿರುವಾಗ, ಬನಹಟ್ಟಿಯ ಕಡೆಯ ನೇಕಾರರ ಹುಡುಗನೊಬ್ಬನು ಎದ್ದುನಿಂತು, "ಗೊತ್ತಿದ್ದೂ ಹೇಳಲಾರದಾಂವ ಸಾವಕಾರ, ಸತ್ತಾಂವ ದುಡಿಯಾಂವ. ಪದ್ಯದಾಗ ಅಳಾಂವನೂ ಸಾವಕಾರನ. ದುಡಿಯಾಂವ ಏನ್ ಅಂದಾನಂತ ಎಲ್ಲಿ ಐತ್ರಿ, ಸರ್?" ಎಂದು ಕೇಳಿದನು. ತರಗತಿ ನಕ್ಕಿತು. ನನಗೆ ಉತ್ತರ ತೋಚಲಿಲ್ಲ. ನೂಲನ್ನೂ ಮುಂಗಡವನ್ನೂ ಕೊಡುವವನು ಸಾವಕಾರ. ನೂಲಿನ ಧಾರಣೆ ಏರಿದುದು ಇಳಿದುದು ಅವನಿಗೆ ಮೊದಲು ತಿಳಿಯುತ್ತದೆ. ನೆಯ್ಯುವವನಿಗೆ ತಿಳಿಯುವುದು ಮಜೂರಿಯ ಲೆಕ್ಕ ಮಾಡುವ ದಿನ. ಅಂಥ ಮನೆಯ ಹುಡುಗನಿಗೆ ಆ ಪದ್ಯದಲ್ಲಿ ಮೊದಲು ಕಂಡದ್ದು ದುಃಖವಲ್ಲ, ಬಚ್ಚಿಟ್ಟ ಸಂಗತಿ. ನಾನು ಇಷ್ಟು ವರ್ಷ ಓದಿಯೂ ಅದನ್ನು ಕಂಡಿರಲಿಲ್ಲ.

ಹತ್ತನೆಯ ಶತಮಾನದ ಕಾವ್ಯದಲ್ಲಿ ಇಂದಿನ ಕೂಲಿ-ಸಂಬಳಗಳ ಮಾತನ್ನು ತರುವುದು ಕಾಲವಿರೋಧವೆಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪಣೆಗೆ ಆ ಕಾಲದ ಶಬ್ದಗಳೇ ಸಮಾಧಾನ ಹೇಳುತ್ತವೆ. ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಊಳಿಗದ ಕಟ್ಟಳೆಗೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಹೆಸರುಗಳಿವೆ. ಉಂಡ ಜೋಳಕ್ಕೆ ತೀರಿಸಬೇಕಾದ ಋಣವೇ ಜೋಳವಾಳಿ. ಇಂದಿಗೂ ಜೋಳದ ರೊಟ್ಟಿಯನ್ನೇ ಉಣ್ಣುವ ನಮ್ಮ ಸೀಮೆಯವರಿಗೆ ಈ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಡೆಯನ ಸಾವಿನೊಡನೆ ತಾನೂ ಸಾಯುವೆನೆಂದು ಭಾಷೆಯಿತ್ತವನು ವೇಳೆಯವನು, ಲೆಂಕ. ಹಳೇಬೀಡಿನ ಸ್ತಂಭಶಾಸನದಲ್ಲಿ ಕಾಣುವ ಕುವರಲಕ್ಷ್ಮನು, ಇಮ್ಮಡಿ ಬಲ್ಲಾಳನು ೧೨೨೦ರಲ್ಲಿ ತೀರಿದಾಗ, ಈ ಭಾಷೆಯನ್ನು ಅಕ್ಷರಶಃ ಪಾಲಿಸಿದನು. ಇದನ್ನು ಓದಿದವರಿಗೆ ಊಳಿಗದ ಒಪ್ಪಂದವೆಲ್ಲ ಆಳಿನ ತಲೆಯ ಮೇಲೆಯೇ ಬಿದ್ದಿತ್ತೆಂದು ತೋರುವುದು ಸಹಜ. ಹಾಗಿಲ್ಲವೆಂಬುದಕ್ಕೆ ಆತಕೂರಿನ ಕಲ್ಲು ಸಾಕ್ಷಿ. ಕ್ರಿ. ಶ. ೯೪೯ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದಕ್ಕಾಗಿ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ನಾಡುಗಳನ್ನು ಕೊಟ್ಟನು. ಇವುಗಳಲ್ಲಿ ಕಿಸುಕಾಡು ನಮ್ಮ ಪಟ್ಟದಕಲ್ಲಿನ ಸುತ್ತಣ ಸೀಮೆ. ಬೂತುಗನು ತನ್ನ ಆಳು ಮಣಲೆರನಿಗೆ ಮೆಚ್ಚಿ, ಬೇಡಿದುದನ್ನು ಕೊಡುವೆನೆಂದಾಗ, ಮಣಲೆರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. (ಬೇಟೆನಾಯಿಗಳಿಗೆ ಹೆಸರಾದ ಮುಧೋಳದ ವಾಚಕರು ಈ ಬೇಡಿಕೆಯನ್ನು ವಿಚಿತ್ರವೆಂದು ತಿಳಿಯಲಾರರು.) ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ, ಆಳಿನಿಂದ ನಾಯಿಗೆ ಮೆಚ್ಚು ಇಳಿದುಬಂದಿದೆ, ಕೆಲಸದ ಲೆಕ್ಕ ಕಲ್ಲಿನ ಮೇಲೆ ಬಯಲಾಗಿ ನಿಂತಿದೆ. ಒಡೆಯನಿಗೂ ಕಟ್ಟಳೆಯಿತ್ತು: ಮೆಚ್ಚಿದುದನ್ನು ಎಲ್ಲರೆದುರಿಗೆ ಹೇಳುವುದು, ಆಡಿದುದನ್ನು ಕೊಡುವುದು, ಆಳಿನ ಮಾನವನ್ನು ತನ್ನ ಮಾನವೆಂದು ಕಾಯುವುದು. ಆದಕಾರಣ ಒಡೆಯನು ಕಟ್ಟಳೆ ತಪ್ಪಿದನೆ ಎಂಬ ಪ್ರಶ್ನೆಯು ಆ ಕಾಲದವರಿಗೆ ಅರ್ಥವಾಗದ ಪ್ರಶ್ನೆಯಲ್ಲ.

ಆತಕೂರಿನ ಶಾಸನವು ನೆನೆಯುವ ಆ ೯೪೯ನೆಯ ವರ್ಷವೇ ರನ್ನನ ಜನ್ಮವರ್ಷವೆಂದು ವಿದ್ವಾಂಸರು ಎಣಿಸಿದ್ದಾರೆ. ಅವನು ಹುಟ್ಟಿದ ಮುದುವೊಳಲೇ ಇಂದಿನ ಮುಧೋಳ. ಮನೆತನದ ವೃತ್ತಿ ಬಳೆಗಾರಿಕೆ. ರಾಜಾಶ್ರಯದ ಮೆಟ್ಟಿಲುಗಳನ್ನು ಅವನು ಒಂದೊಂದಾಗಿ ಹತ್ತಿದವನು. ಸಾಮಂತರಿಂದ ಮಂಡಲಿಕರಿಗೆ, ಮಂಡಲಿಕರಿಂದ ಚಕ್ರವರ್ತಿಗೆ ಎಂದು ತನ್ನ ಏಳಿಗೆಯನ್ನು ತಾನೇ ಎಣಿಸಿಕೊಂಡಿದ್ದಾನೆ. ಗಂಗರ ಮಂತ್ರಿ ಚಾವುಂಡರಾಯನ ಆಶ್ರಯವನ್ನು ಕಂಡು, ಮುಂದೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದು, ಅವನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಈ ಕಾವ್ಯವನ್ನು ಬರೆದನು. ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆ ಮಹಾತಾಯಿಯು, ಕೆಲಸಗಾರನ ಬೆಲೆಯನ್ನು ಅವನ ಕೆಲಸವನ್ನು ಉಳಿಸಿ ತೋರಿಸಬೇಕೆಂಬುದನ್ನು ಬಲ್ಲವಳು. ರನ್ನನು ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಇದನ್ನು ಕೃತಜ್ಞತೆಯೆಂದು ಹೇಳಿ ಬಿಟ್ಟುಬಿಡುವುದು ವಾಡಿಕೆ. ನನಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಹಲವು ಬಾಗಿಲುಗಳನ್ನು ಕಂಡವನಿಗೆ ಮಾತ್ರ ಒಳ್ಳೆಯ ಒಡೆತನ ಎಷ್ಟು ಅಪರೂಪವೆಂಬುದು ತಿಳಿದಿರುತ್ತದೆ. ಒಂದೇ ಮನೆಯಲ್ಲಿ ಉಂಡವನು ಮಕ್ಕಳಿಗೆ ಹೀಗೆ ಹೆಸರಿಡಲಾರನು.

ಇನ್ನು ಕೌರವರ ಓಲಗಕ್ಕೆ ಬರೋಣ. ರನ್ನನು ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಓಲಗವು ಹಾಳಾಗಿ ಹೋಗಿದೆ. ಅದು ಹೇಗೆ ಕೆಟ್ಟಿತೆಂಬುದನ್ನು ತಿಳಿಯಲು ಅವನಿಗಿಂತ ಹಿಂದೆ, ೯೪೧ರಲ್ಲಿ ಮುಗಿದ ಪಂಪಭಾರತಕ್ಕೆ ಹೋಗಬೇಕು. ಅಲ್ಲಿ ಹತ್ತನೆಯ ಆಶ್ವಾಸದಲ್ಲಿ ಭೀಷ್ಮನಿಗೆ ಸೇನಾಪತಿಯ ವೀರಪಟ್ಟವನ್ನು ಕಟ್ಟುವ ಸಂದರ್ಭವಿದೆ. ಈ ಮುದುಕನಿಗೆ ಪಟ್ಟವೇತಕ್ಕೆಂದು ಕರ್ಣನು ಹಂಗಿಸುತ್ತಾನೆ. ದ್ರೋಣನು ಕೆರಳಿ, ಭೀಷ್ಮನ ಮುಪ್ಪನ್ನು ಸಿಂಹದ ಮುಪ್ಪಿಗೆ ಹೋಲಿಸಿ, ಕರ್ಣನ ನಾಲಗೆಯು ಅವನ ಕುಲವನ್ನು ತೋರಿಸಿತೆಂದು ಚುಚ್ಚುತ್ತಾನೆ. ಕುಲವನ್ನೇಕೆ ಆಡುತ್ತೀರಿ, ಛಲವೇ ಕುಲ, ಎಂದು ಕರ್ಣನು ತಿರುಗಿ ನುಡಿಯುತ್ತಾನೆ. ಕೊನೆಗೆ ಭೀಷ್ಮನು, ಸರದಿ ಎಲ್ಲರಿಗೂ ಬರುತ್ತದೆ, ನಿನಗೂ ಬರುತ್ತದೆ ಎಂಬ ಅರ್ಥದ, ಮರೆಯಲಾಗದ ಶಾಂತವಾದ ಉತ್ತರವನ್ನು ಕೊಡುತ್ತಾನೆ. ಈ ಪದ್ಯಗಳ ಸೊಗಸನ್ನು ಹೊಗಳದ ಅಧ್ಯಾಪಕನಿಲ್ಲ. ಹಿರಿಯನಿಗೆ ವಯಸ್ಸಿನ ಹಂಗು, ಕಿರಿಯನಿಗೆ ಹುಟ್ಟಿನ ಹಂಗು: ಕೆಡುತ್ತಿರುವ ಕಾರ್ಯಸ್ಥಾನಗಳಲ್ಲೆಲ್ಲ ಇಂದಿಗೂ ಕೇಳಿಬರುವ ಬೈಗಳು ಈ ಎರಡೇ. ಆದರೆ ಇಷ್ಟು ಮಾತು ನಡೆಯುವಾಗ ಒಡೆಯನು ಎಲ್ಲಿದ್ದಾನೆ? ಪಟ್ಟ ಕಟ್ಟುತ್ತಿರುವವನು ಅವನೇ. ಜಗಳವನ್ನು ತಡೆಯುವ ಒಂದು ಮಾತನ್ನೂ ಪಂಪನು ಅವನ ಬಾಯಲ್ಲಿ ಇಟ್ಟಿಲ್ಲ. ಫಲವೇನಾಯಿತು? ಭೀಷ್ಮನು ಬೀಳುವವರೆಗೆ ಆಯುಧವನ್ನು ಹಿಡಿಯೆನೆಂದು ಕರ್ಣನು ನುಡಿದು ಹೊರಗೆ ನಿಂತನು. ಹದಿನೆಂಟು ದಿನಗಳ ಯುದ್ಧದಲ್ಲಿ ಹತ್ತು ದಿನ ಆ ಸೇನೆಯು ತನ್ನ ಅತ್ಯುತ್ತಮ ಬಿಲ್ಲಾಳಿಲ್ಲದೆ ಕಾದಿತು. ಇದು ವಿಧಿಯ ಆಟವೆಂದು ವ್ಯಾಖ್ಯಾನಿಸುವುದು ಸುಲಭ. ಒಂದು ಮಾತಿನಿಂದ ತಡೆಯಬಹುದಾಗಿದ್ದುದನ್ನು ವಿಧಿಯೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ನನ್ನ ಅನುಭವದ ಒಂದು ಮಾತನ್ನು ವಾಚಕರು ಕ್ಷಮಿಸಬೇಕು. ತಾರುಣ್ಯದಲ್ಲಿ ನಾನು ಕೆಲಸ ಮಾಡಿದ ಒಂದು ವಿದ್ಯಾಸಂಸ್ಥೆಯಲ್ಲಿ ಮೇಲಿನವರು ಸಭೆ ಕರೆದು, ಕಿರಿಯ ಉಪಾಧ್ಯಾಯರು ಹಿರಿಯರನ್ನು ಹಳಿಯುವಾಗ ತಾವು ತಲೆಯೆತ್ತದೆ ಕಾಗದಗಳನ್ನು ನೋಡುತ್ತಿದ್ದರು. ಆ ಮೌನವನ್ನು ನಾವು ಮೊದಮೊದಲು ಗಾಂಭೀರ್ಯವೆಂದು ತಿಳಿದೆವು. ವರ್ಷ ಕಳೆದಂತೆ ಒಬ್ಬರು ಇನ್ನೊಬ್ಬರ ತರಗತಿಯ ಬಾಗಿಲಲ್ಲಿ ನಿಂತು ಕೇಳುವುದು, ಕೇಳಿದುದನ್ನು ಮೇಲೆ ಮುಟ್ಟಿಸುವುದು, ಇವೇ ಕೆಲಸಗಳಾದುವು. ಪಾಠ ಹೇಳುವುದರಲ್ಲಿ ಎಲ್ಲರಿಗಿಂತ ಸಮರ್ಥರಾದವರು ಮೊದಲು ಮೌನವಾದರು, ಆಮೇಲೆ ಬಿಟ್ಟುಹೋದರು. ಪಂಪನ ಆ ಪ್ರಕರಣವನ್ನು ನಾನು ಪದೇ ಪದೇ ಓದಿದ್ದು ಆ ದಿನಗಳಲ್ಲಿ.

ವೇಣೀಸಂಹಾರದಲ್ಲಿ ಈ ವಿಷಯವು ಇನ್ನೂ ಬಿಚ್ಚುಮಾತಿನಲ್ಲಿದೆ. ಅದರ ಮೂರನೆಯ ಅಂಕದಲ್ಲಿ ದ್ರೋಣನು ಸತ್ತ ಸುದ್ದಿ ಬಂದಿದೆ. ದ್ರೋಣನು ಮಗನಿಗೆ ರಾಜ್ಯವನ್ನು ಗಳಿಸುವ ಆಸೆಯಲ್ಲಿದ್ದನು, ಅದು ಕೆಟ್ಟಿತೆಂದು ಶಸ್ತ್ರವನ್ನು ಬಿಟ್ಟನು, ಎಂದು ಕರ್ಣನು ಒಡೆಯನ ಕಿವಿಯಲ್ಲಿ ಹಾಕುತ್ತಾನೆ. ಒಡೆಯನು ಅದನ್ನು ನಂಬುತ್ತಾನೆ. ತಂದೆಯನ್ನು ಕಳೆದುಕೊಂಡ ಅಶ್ವತ್ಥಾಮನು ಬಂದಾಗ ಸೇನಾಪತಿಯ ಪಟ್ಟವು ಆಗಲೇ ಕರ್ಣನಿಗೆ ಸಂದಿರುತ್ತದೆ, ಜಗಳವಾಗುತ್ತದೆ, ಈ ಸಾರಿ ಆಯುಧವನ್ನು ಎಸೆಯುವವನು ಅಶ್ವತ್ಥಾಮ. ಪಂಪನ ಪ್ರಕರಣದ ಕರ್ಣನ ಸ್ಥಾನದಲ್ಲಿ ಇಲ್ಲಿ ಅಶ್ವತ್ಥಾಮನಿದ್ದಾನೆ, ಭೀಷ್ಮನ ಸ್ಥಾನದಲ್ಲಿ ಕರ್ಣನಿದ್ದಾನೆ. ಜನ ಬದಲಾಗಿದ್ದಾರೆ, ಒಡೆಯನ ರೀತಿ ಬದಲಾಗಿಲ್ಲ. ಸತ್ತವನ ಮೇಲೆ ಸಂಶಯ, ಇದ್ದವರ ನಡುವೆ ಪೈಪೋಟಿ, ತೀರ್ಮಾನವಾದ ಮೇಲೆ ವಿಚಾರಣೆ. ಶಲ್ಯನಂಥ ಮನಸ್ಸಿಲ್ಲದವನನ್ನು ಕಾಡಿ ಬೇಡಿ ಕರ್ಣನಿಗೆ ಸಾರಥಿಯನ್ನಾಗಿ ಮಾಡಿಕೊಟ್ಟವನೂ ಈ ಒಡೆಯನೇ ಎಂಬುದನ್ನು ಇಲ್ಲಿ ನೆನೆದರೆ ಸಾಕು.

ರನ್ನನು ಈ ಜಗಳಗಳನ್ನು ತಾನೂ ರಂಗದ ಮೇಲೆ ತರಬಹುದಾಗಿತ್ತು. ತರಲಿಲ್ಲ. ಇದನ್ನು ಕೆಲವರು ಅವನ ವಸ್ತುವಿನ ಸಂಕೋಚವೆಂದಿದ್ದಾರೆ. ಅದು ಸಂಕೋಚವಲ್ಲ, ಬೇರೊಂದು ನೋಟ. ಸಿಂಹಾವಲೋಕನಕ್ರಮವೆಂದು ಅವನೇ ಹೆಸರಿಟ್ಟ ರೀತಿಯಲ್ಲಿ, ಕಥೆಯು ಮುಗಿಯಲು ಬಂದ ಕಡೆಯಲ್ಲಿ ನಿಂತು ಹಿಂದಕ್ಕೆ ನೋಡುತ್ತಾನೆ. ಒಂದು ಮನೆತನ ಹೇಗೆ ನಡೆಯಿತೆಂಬುದು ಅದು ನಡೆಯುತ್ತಿದ್ದಾಗ ಕಾಣುವುದಕ್ಕಿಂತ ಅದು ಬಿದ್ದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ತಾಯಿತಂದೆಗಳು ಸಂಧಿಯಾಗೆಂದು ಬೇಡಿಕೊಂಡರೂ ಕೇಳದ ದುರ್ಯೋಧನನು, ಭೀಷ್ಮನನ್ನು ಕಾಣಲು ಸಂಜಯನೊಡನೆ ರಣಭೂಮಿಯಲ್ಲಿ ನಡೆದು ಹೋಗುತ್ತಾನೆ. ದಾರಿಯುದ್ದಕ್ಕೂ ಅವನಿಗೆ ಸಿಕ್ಕುವವರು ಅವನಿಗಾಗಿ ಸತ್ತವರು. ದ್ರೋಣ, ಮಗ ಲಕ್ಷ್ಮಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಬ್ಬೊಬ್ಬರ ಮುಂದೆಯೂ ನಿಂತು ಅವನು ಮಾತಾಡುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿಗೂ ಅವನ ಬಾಯಲ್ಲಿ ಮೆಚ್ಚುಗೆಯುಂಟು. ಅದೊಂದು ಉದಾತ್ತ ಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಮನಿಸಬೇಕಾದುದು ಈ ಏರ್ಪಾಡನ್ನು. ಮಾತೆಲ್ಲ ಒಡೆಯನದು, ಕೇಳುವವರೆಲ್ಲ ಹೆಣಗಳು. ಬದುಕಿದ್ದಾಗ ಓಲಗದಲ್ಲಿ ಆಡಬೇಕಾಗಿದ್ದ ಮೆಚ್ಚಿನ ಮಾತುಗಳನ್ನು ಅವನು ಈಗ ಆಡುತ್ತಿದ್ದಾನೆ. ಆ ಹುಡುಗನ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ದುಡಿದವನು ಏನೆಂದನೆಂಬುದು ಗದಾಯುದ್ಧದಲ್ಲಿ ಇಲ್ಲ. ಅದು ಇಲ್ಲದಿರುವುದನ್ನು ಕಾಣುವಂತೆ ರನ್ನನು ಕಾವ್ಯವನ್ನು ಕಟ್ಟಿದ್ದಾನೆ.

ಹಾಗಾದರೆ ಒಡೆಯನ ಮುಖಕ್ಕೆ ನಿಜವನ್ನು ಹೇಳುವವರು ಯಾರೂ ಇಲ್ಲವೆ? ಇದ್ದಾರೆ, ಆದರೆ ಮನುಷ್ಯರಲ್ಲ. ರಣದಲ್ಲಿ ಅಲೆಯುವ ಮರುಳೊಂದು ಅವನನ್ನು ಮೂದಲಿಸುತ್ತದೆ. ಹಳಗನ್ನಡದಲ್ಲಿ ಮರುಳೆಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಆ ಶ್ಲೇಷೆಯಲ್ಲಿ, ನಿಜವಾಗಿ ಮರುಳರು ನಾವೋ ನೀನೋ ಎಂದು ಕುರುಪತಿಯನ್ನೇ ಕೇಳುವ ಧೈರ್ಯ ಆ ಪ್ರಾಣಿಗಿದೆ. ಇದನ್ನು ಬೀಭತ್ಸಹಾಸ್ಯಗಳ ಬೆರಕೆಯೆಂದು ಅಲಂಕಾರಶಾಸ್ತ್ರದ ಲೆಕ್ಕದಲ್ಲಿ ಬರೆದುಕೊಂಡು ಬಿಡುತ್ತೇವೆ. ಹಸ್ತಿನಾವತಿಯ ಓಲಗದಲ್ಲಿ ಊಟವಿಲ್ಲದ, ಸಂಬಳವಿಲ್ಲದ, ಜೋಳದ ಋಣವಿಲ್ಲದ ಪ್ರಾಣಿ ಅದೊಂದೇ ಎಂಬುದನ್ನು ಮರೆಯಬಾರದು. ಋಣವಿದ್ದವರಲ್ಲಿ ಮಾತಾಡಲು ಉಳಿದವನು ಸಂಜಯ. ಅವನು ಕೈಹಿಡಿದು ನಡೆಯಿಸುತ್ತಾನೆ, ಹೆಣಗಳನ್ನು ಗುರುತಿಸಿ ಹೇಳುತ್ತಾನೆ, ಸಮಯ ನೋಡಿ ಬುದ್ಧಿಯ ಮಾತನ್ನೂ ಆಡುತ್ತಾನೆ. ಕೆಟ್ಟ ಒಡೆತನದ ಕೆಳಗೆ ಬುದ್ಧಿವಂತನಿಗೆ ಉಳಿಯುವ ಕೆಲಸ ಇಷ್ಟೇ: ಎಡವದ ಹಾಗೆ ನೋಡಿಕೊಳ್ಳುವುದು.

ಈಗ ಕರ್ಣನ ಪ್ರಕರಣವನ್ನು ತುಸು ಸೂಕ್ಷ್ಮವಾಗಿ ನೋಡಬೇಕು; ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಕರ್ಣನ ಶವದೆದುರು ದುರ್ಯೋಧನನು ಆಡುವ ಮಾತಿನ ತಾತ್ಪರ್ಯ ಹೀಗಿದೆ: ನೀನು ತನ್ನ ಸೋದರನೆಂಬುದು ಧರ್ಮಜನಿಗೆ ತಿಳಿಯದು, ನನಗೆ ತಿಳಿದಿತ್ತು, ತಿಳಿದಿದ್ದೂ ನಿನ್ನನ್ನು ಕೊಂದವನು ನಾನೇ. ಇದಕ್ಕಿಂತ ನೇರವಾದ ತಪ್ಪೊಪ್ಪಿಗೆ ಕನ್ನಡದ ಕಾವ್ಯಗಳಲ್ಲಿ ಅಪರೂಪ. ಒಬ್ಬ ಆಳಿನ ಜೀವಕ್ಕೆ ಸಂಬಂಧಿಸಿದ ಸಂಗತಿಯನ್ನು, ತನ್ನ ಕೆಲಸ ಕೆಟ್ಟೀತೆಂದು, ಒಡೆಯನು ಬಚ್ಚಿಟ್ಟಿದ್ದನೆಂದು ಅವನ ಬಾಯಿಂದಲೇ ಬಂದಿದೆ. ಮೂಲಭಾರತದಲ್ಲಿಯೂ ಪಂಪನಲ್ಲಿಯೂ ಕರ್ಣನು ತನ್ನ ಹುಟ್ಟನ್ನು ಯುದ್ಧಕ್ಕೆ ಮೊದಲೇ ತಿಳಿದಿದ್ದನಲ್ಲವೆ, ಒಡೆಯನು ಮುಚ್ಚಿಟ್ಟುದರಿಂದ ಹೆಚ್ಚಿನ ಕೇಡೇನು, ಎಂದು ಕೇಳಬಹುದು. ಕೇಡು ಉಂಟು. ಕರ್ಣನು ತಿಳಿದೂ ಹೇಳದಿದ್ದುದು ಒಡೆಯನಿಗೆ ನೋವಾಗದಿರಲೆಂದು. ಒಡೆಯನು ತಿಳಿದೂ ಹೇಳದಿದ್ದುದು ತನಗೆ ನಷ್ಟವಾಗದಿರಲೆಂದು. ಎರಡು ಮೌನಗಳೂ ಒಂದೇ ತೂಕದವಲ್ಲ.

ಇದಾದ ಮೇಲೆ ಅವನು ಶರಶಯ್ಯೆಯಲ್ಲಿರುವ ಭೀಷ್ಮನ ಬಳಿಗೆ ಬರುತ್ತಾನೆ. ಪಾಂಡವರೊಡನೆ ಸಂಧಿಮಾಡಿಕೊಳ್ಳೆಂದು ಅಜ್ಜನು ಹೇಳಿದಾಗ, ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎಂದು ಉತ್ತರಿಸುವ ಪ್ರಸಿದ್ಧವಾದ ಪದ್ಯ ಬರುತ್ತದೆ. ಅದರಲ್ಲಿ ಈ ನೆಲವು ತನಗೆ ಪಾಳ್ನೆಲವೆಂದೂ, ಕರ್ಣನನ್ನು 'ಕೊಲಿಸಿದ' ನೆಲದೊಡನೆ ಮತ್ತೆ ಕೂಡಿ ಬಾಳಲಾರೆನೆಂದೂ ಹೇಳುತ್ತಾನೆ. 'ಕೊಲಿಸಿದ' ಎಂಬ ಕೃದಂತವು 'ನೆಲ' ಎಂಬ ನಾಮಕ್ಕೆ ವಿಶೇಷಣ. ಕೊಲಿಸಿದವರು ಯಾರು? ಕನ್ನಡದ ಕೃದಂತವು ಕರ್ತೃವನ್ನು ಬಾಯಿಬಿಟ್ಟು ಹೇಳಬೇಕಾದುದಿಲ್ಲ. 'ಕಚ್ಚಿದ ನಾಯಿ' ಎಂದರೆ ಕಚ್ಚಿದುದು ನಾಯಿಯೇ. 'ಉಂಡ ಮನೆ' ಎಂದರೆ ಉಂಡುದು ಮನೆಯಲ್ಲ, ಮನೆಯಲ್ಲಿ ಕುಳಿತವನು. ಹಾಗೆಯೇ ಇಲ್ಲಿಯೂ ಎರಡು ಅನ್ವಯಗಳು ಸಾಧ್ಯ. ನೆಲವು ಕರ್ಣನನ್ನು ಕೊಲ್ಲಿಸಿತು ಎಂಬುದೊಂದು. ಯಾವ ನೆಲಕ್ಕಾಗಿ ನಾನು ಕರ್ಣನನ್ನು ಕೊಲ್ಲಿಸಿದೆನೋ ಆ ನೆಲ ಎಂಬುದು ಇನ್ನೊಂದು. ತರಗತಿಯಲ್ಲಿ ನಾವು ಮೊದಲನೆಯದನ್ನೇ ಹೇಳುತ್ತ ಬಂದಿದ್ದೇವೆ. ಕೂಡಿ ಬಾಳುವ ಮಾತು ಮುಂದೆಯೇ ಬರುವುದರಿಂದ, ನೆಲಕ್ಕೆ ಚೇತನಾರೋಪ ಮಾಡುವ ಈ ಅನ್ವಯಕ್ಕೆ ಬಲವೂ ಉಂಟು. ಆದರೆ ಎರಡನೆಯದನ್ನು ತಳ್ಳಿಹಾಕಲು ವ್ಯಾಕರಣದಲ್ಲಿ ಆಧಾರವಿಲ್ಲ; ಹಿಂದಿನ ಪ್ರಲಾಪವನ್ನು ನೆನೆದರೆ ಅದೇ ಹೆಚ್ಚು ಸಂಗತ.

ನನ್ನ ತಿಳಿವಳಿಕೆ ಹೀಗಿದೆ. ಹೆಣದ ಮುಂದೆ, ಕೇಳುವವರಿಲ್ಲದಾಗ, ದುರ್ಯೋಧನನು 'ನಾನು' ಎಂಬ ಕರ್ತೃಪದವನ್ನು ಇಟ್ಟು ಮಾತಾಡಿದನು. ತನ್ನ ನಡೆಯನ್ನು ವಿಚಾರಿಸಬಲ್ಲ ಹಿರಿಯನ ಮುಂದೆ ಬಂದಾಗ ಕರ್ತೃಪದವನ್ನು ಬಿಟ್ಟನು. ಕೃತಿಯು ಉಳಿಯಿತು, ಮಾಡಿದವನು ಮರೆಯಾದನು. ಲೆಕ್ಕ ಕೇಳುವ ಕಡೆಯಲ್ಲಿ ಹೀಗೆ ವಾಕ್ಯ ರಚಿಸುವ ಅಭ್ಯಾಸವನ್ನು ನಾವೆಲ್ಲರೂ ಕಂಡಿದ್ದೇವೆ. ಸಂಬಳವು 'ತಡವಾಯಿತು', ಜಾಗವು 'ಕಡಮೆಯಾಯಿತು', ತಡಮಾಡಿದವರೂ ಕಡಮೆಮಾಡಿದವರೂ ವಾಕ್ಯದಲ್ಲಿ ಇರುವುದಿಲ್ಲ. ಛಲವು ಇಲ್ಲಿ ಮಾಡುವ ಕೆಲಸವೇ ಇದು. ನೆಲಕ್ಕಾಗಿ ಕಾದುವವನು ನೆಲದ ಲೆಕ್ಕವನ್ನು ಕೊಡಬೇಕಾಗುತ್ತದೆ, ಯಾರು ಸತ್ತರು, ಏನು ಬಂತು ಎಂದು. ಛಲಕ್ಕಾಗಿ ಕಾದುವವನು ಲೆಕ್ಕದಿಂದ ಹೊರಗೆ.

ಭೀಷ್ಮನ ಉತ್ತರವೂ ಕಣ್ಣಿಗೆ ಬೀಳತಕ್ಕದ್ದು. ತನ್ನ ಸಲಹೆ ನಡೆಯದೆಂದು ಕಂಡೊಡನೆ ಅವನು ಕೋಪಿಸಿಕೊಳ್ಳುವುದಿಲ್ಲ, ಮೌನವನ್ನೂ ತಾಳುವುದಿಲ್ಲ. ವೈಶಂಪಾಯನಸರೋವರದಲ್ಲಿ ಒಂದು ದಿನ ಅಡಗಿದ್ದು, ಬಲರಾಮ ಮುಂತಾದವರು ಬಂದು ಕೂಡಿದ ಮೇಲೆ ಕಾದೆಂದು ಉಪಾಯವನ್ನು ಹೇಳಿ, ಅದಕ್ಕೆ ಬೇಕಾದ ಜಲಮಂತ್ರವನ್ನೂ ಕೊಡುತ್ತಾನೆ. ಮೈತುಂಬ ಬಾಣಗಳಿರುವ ಮುದುಕ, ಕೇಳಿದ ಒಳ್ಳೆಯ ಬುದ್ಧಿಯನ್ನು ಒಡೆಯನು ತಳ್ಳಿದ ಮರುಗಳಿಗೆಯಲ್ಲಿ, ಅವನ ಕೆಟ್ಟ ಹಟಕ್ಕೆ ಇದ್ದುದರಲ್ಲಿ ಉತ್ತಮವಾದ ದಾರಿಯನ್ನು ಹುಡುಕಿಕೊಡುತ್ತಿದ್ದಾನೆ. ಇದನ್ನು ಸ್ವಾಮಿನಿಷ್ಠೆಯೆಂದು ಹೊಗಳಿದರೆ ಅರ್ಧ ಮಾತ್ರ ಹೇಳಿದಂತಾಯಿತು. ನನಗಂತೂ ಗದಾಯುದ್ಧದಲ್ಲಿ ಮನಸ್ಸನ್ನು ಹೆಚ್ಚು ಕರಗಿಸುವ ಭಾಗವಿದು. ನೀರೊಳಗಿದ್ದೂ ಬೆವರಿದ ದುರ್ಯೋಧನನ ಚಿತ್ರವನ್ನು ಎಲ್ಲರೂ ಕೊಂಡಾಡುತ್ತಾರೆ, ಅದೂ ಸರಿಯೇ, ಆದರೆ ಆ ನೀರಿಗೆ ಅವನನ್ನು ಕಳುಹಿಸಿದವನ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಗದಾಯುದ್ಧನಾಟಕಂ ಎಂಬ ಹೆಸರಿನಲ್ಲಿ ಈ ಕಾವ್ಯವನ್ನು ರಂಗಕ್ಕೆ ಅಳವಡಿಸಿದ ಮೇಲೆ, ದುರ್ಯೋಧನನನ್ನು ದುರಂತನಾಯಕನೆಂದು ಕಾಣುವ ದೃಷ್ಟಿಯು ನಮ್ಮಲ್ಲಿ ಬೇರೂರಿತು. ಆ ದೃಷ್ಟಿಯಿಂದ ಕನ್ನಡಕ್ಕೆ ಆದ ಲಾಭವನ್ನು ಅಲ್ಲಗಳೆಯುವವನು ನಾನಲ್ಲ. ಚಂಪುವಿನ ಹೊರೆಯಲ್ಲಿ ಹುದುಗಿದ್ದ ನಾಟ್ಯಶಕ್ತಿಯನ್ನು ಆ ಮಹನೀಯರು ಹೊರತಂದರು. ಆದರೆ ದುರಂತನಾಯಕನ ಕಲ್ಪನೆಯಲ್ಲಿ ಒಂದು ಅಪಾಯವುಂಟು. ಬೆಳಕೆಲ್ಲ ಒಬ್ಬನ ಮೇಲೆ ಬೀಳುತ್ತದೆ. ಅವನ ತಪ್ಪುಗಳು ಅವನ ಹಿರಿಮೆಯ ಭಾಗಗಳಾಗುತ್ತವೆ; ಅವನಿಗಾಗಿ ಸತ್ತವರು ಅವನ ದುಃಖಕ್ಕೆ ಸಾಮಗ್ರಿಗಳಾಗುತ್ತಾರೆ. ದುರ್ಯೋಧನನ ಶೋಕವು ಕಪಟವೆಂದು ನಾನು ಹೇಳುತ್ತಿಲ್ಲ. ಅದು ನಿಜವಾದ ಶೋಕ. ತಾನು, ದುಶ್ಶಾಸನ, ಕರ್ಣ ಈ ಮೂವರೇ ಒಂದಾಗಿದ್ದೆವೆಂದು ಅವನು ಹಲುಬುವಾಗ ಕಲ್ಲೂ ಕರಗಬೇಕು. ಆ ಶೋಕ ನಿಜವಾದುದರಿಂದಲೇ ಅದು ಒಡೆತನದ ದೋಷವನ್ನು ಮುಚ್ಚಿಬಿಡುತ್ತದೆ. ಸುಳ್ಳಾಗಿದ್ದರೆ ನಾವು ಯಾವಾಗಲೋ ಕಂಡುಹಿಡಿಯುತ್ತಿದ್ದೆವು.

ಇಷ್ಟನ್ನು ರನ್ನನು ಅರಿತು ಬರೆದನೆ ಎಂದು ಕೇಳುವವರಿಗೆ ಊಹೆಯ ಉತ್ತರವನ್ನು ಮಾತ್ರ ಕೊಡಬಲ್ಲೆನು. ಆಶ್ರಯದಾತನ ಅನ್ನವನ್ನುಂಡು ಬರೆಯುವ ಕವಿಗೆ ಭೀಮನ ವಿಷಯದಲ್ಲಿ ಕೈಕಟ್ಟಿದೆ, ಭೀಮನೆಂದರೆ ಸತ್ಯಾಶ್ರಯ. ಅಂಥ ಕಾವ್ಯದಲ್ಲಿ ರಾಜರ ನಡತೆಯನ್ನು ಒಳಹೊಕ್ಕು ನೋಡಲು ಕವಿಗೆ ತೆರೆದಿರುವ ಬಾಗಿಲು ಒಂದೇ, ಶತ್ರುರಾಜನದು. ದುರ್ಯೋಧನನ ಓಲಗದ ಕುಂದುಗಳನ್ನು ಬರೆದರೆ ಯಾವ ಆಸ್ಥಾನವೂ ಮುನಿಯಲಾರದು. ಹಲವು ಆಸ್ಥಾನಗಳನ್ನು ಕಂಡಿದ್ದ ಬಳೆಗಾರರ ಮನೆಯ ಮಗನು ತನ್ನ ಕಣ್ಣಿಗೆ ಬಿದ್ದುದನ್ನು ಎಲ್ಲಿ ಇಟ್ಟನೆಂಬುದನ್ನು ಹುಡುಕುವುದಾದರೆ ಆ ಬಾಗಿಲಿನೊಳಗೇ ಹುಡುಕಬೇಕು. ಕಾವ್ಯದ ಹೆಸರು ಭೀಮನಿಗೆ ಹೋಗಿ, ಅದರ ಜೀವವು ದುರ್ಯೋಧನನ ಕಡೆಗೆ ಹರಿದುದಕ್ಕೆ ಇದೂ ಒಂದು ಕಾರಣವಿರಬಹುದು. ಸಹಾನುಭೂತಿಯೊಂದೇ ಕಾರಣವೆಂದು ನಾನು ನಂಬಲಾರೆ.

ಈಚಿನ ವರ್ಷಗಳಲ್ಲಿ ನಾನು ಕರ್ಣನ ಮುಂದಣ ಪ್ರಲಾಪವನ್ನೂ ಭೀಷ್ಮನ ಮುಂದಣ ಆ ಪದ್ಯವನ್ನೂ ಒಂದೇ ದಿನ, ಒಂದರ ಹಿಂದೊಂದು ಓದಿಸುತ್ತೇನೆ. 'ಕೊಲಿಸಿದ' ಎಂಬಲ್ಲಿಗೆ ನಿಲ್ಲಿಸಿ, ಕೊಲಿಸಿದವರಾರೆಂದು ಕೇಳುತ್ತೇನೆ. ತರಗತಿಯು ಎರಡು ಪಕ್ಷವಾಗುತ್ತದೆ. ವ್ಯಾಕರಣವನ್ನು ಚೆನ್ನಾಗಿ ಓದಿದವರು ಬಹುಶಃ ನೆಲವೆನ್ನುತ್ತಾರೆ. ಮಗ್ಗದ ಮನೆಗಳಿಂದಲೂ ಹಂಗಾಮಿ ಕೂಲಿಯ ಮನೆಗಳಿಂದಲೂ ಬಂದವರು ಇದುವರೆಗೆ ಒಮ್ಮೆಯೂ ನೆಲವೆಂದು ಹೇಳಿಲ್ಲ.